ಹಳೆಯ ಬುಡದ ಒಣಪಟ್ಟೆ

ಬೆಳಕು ಹರಿಯುವ ಮೊದಲೇ ಕಮಾದೊ ಮುಗಿಸಬೇಕಾದ ಕೆಲಸಗಳು ಇಷ್ಟು. ಒಲೆಯ ಮೂರು ಕಲ್ಲುಗಳ ಮುಂದೆ ಉಪ್ಪು, ನೀರು ಇಟ್ಟು ಕೈಮುಗಿಯಬೇಕು. ಬೂದಿ ಕೆದಕಿ ನಿನ್ನೆಯ ಕೆಂಡ ಹುಡುಕಬೇಕು. ಒರತೆಯಿಂದ ಎರಡು ಸಲ ನೀರು ತರಬೇಕು. ಗೆಣಸು ಬೇಯಲಿಟ್ಟು, ಅದರ ಬಳ್ಳಿ ಕೊಚ್ಚಿ ಹಂದಿಗೆ ಹಾಕಬೇಕು. ಅತ್ತೆಯ ರಾತ್ರಿಯ ಪಾತ್ರೆ ಚೆಲ್ಲಿ ತೊಳೆಯಬೇಕು. ಆರಿದ ಬೂದಿಯನ್ನು ಜರಡಿ ಹಿಡಿದು ಬುಟ್ಟಿಗೆ ತುಂಬಬೇಕು. ನಾರು ಬೇಯಿಸುವ ನೀರಿಗೆ ಬೂದಿ ಬೇಕು, ಈ ಮನೆಯಲ್ಲಿ ಒಲೆ ಕೊಟ್ಟದ್ದನ್ನು ಯಾರೂ ಎಸೆಯುವುದಿಲ್ಲ. ಮಗಳ ಶಾಲೆಯ ಅಂಗಿಗೆ ಎರಡು ಹೊಲಿಗೆ ಹಾಕಬೇಕು. ಎಲ್ಲಕ್ಕೂ ಕೊನೆಗೆ, ಹಿತ್ತಲ ಬಾಳೆತೋಟಕ್ಕೆ ಹೋಗಿ, ಉದ್ದನೆಯ ಬಿದಿರಿನ ಗಳುವಿನಿಂದ ಒಂದೊಂದೇ ಬುಡವನ್ನು ತಟ್ಟಿ ಬರಬೇಕು.

ಆ ಕೊನೆಯ ಕೆಲಸವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಎರಡು ವರ್ಷಗಳ ಹಿಂದೆ ಅವಳೇ ಸೇರಿಸಿಕೊಂಡದ್ದು.

ಹಿತ್ತಲಿನಲ್ಲಿ ನಲವತ್ತು ಬುಡಗಳಿದ್ದವು. ಒಂದೊಂದು ಬುಡದಿಂದ ಐದಾರು ಬಾಳೆ ಎದ್ದಿದ್ದವು. ತಿನ್ನುವ ಬಾಳೆಯಲ್ಲ; ಇದರ ಕಾಯಿ ಕಿರುಬೆರಳಿನಷ್ಟು, ಒಳಗೆಲ್ಲ ಕರಿಬೀಜ. ಓಕಿನಾವಾದ ಬಡಗಣ ತೀರದ ಈ ಊರಲ್ಲಿ ಬಾಳೆ ಬೆಳೆಸುವುದು ಪಟ್ಟೆಯ ನಾರಿಗೆ, ನಾರಿನಿಂದ ನೇಯುವ ತೆಳ್ಳನೆಯ ಬಟ್ಟೆಗೆ. ದಕ್ಷಿಣದ ಬಿಸಿನಾಡಿನಲ್ಲಾದರೆ ಬಾಳೆ ಒಂದೇ ವರ್ಷದಲ್ಲಿ ಎದ್ದು ನಿಲ್ಲುತ್ತದಂತೆ. ಇಲ್ಲಿ ಪ್ರತಿ ಚಳಿಗಾಲವೂ ಬಡಗಣ ಗಾಳಿಗೆ ಬೆಚ್ಚಿ ನಿಂತುಬಿಡುತ್ತದೆ. ಕಂದು ನೆಟ್ಟು ಮೂರು ವರ್ಷ ಕಾಯಬೇಕು. ಮೂರು ವರ್ಷ ಗೊಬ್ಬರ ಹಾಕುವವಳು, ಎಲೆ ಸವರುವವಳು, ಕಡಿಯುವವಳು, ಸುಲಿಯುವವಳು, ಬೇಯಿಸುವವಳು, ಎಳೆಗೆ ಎಳೆ ಗಂಟು ಹಾಕುವವಳು, ನೇಯುವವಳು, ಎಲ್ಲ ಹೆಂಗಸೇ. ಊರಿನ ಗಂಡಸರು ಈ ಕೆಲಸದ ಬಗ್ಗೆ ಕೇಳಿದರೆ, 'ಅದಾ, ಅದು ತಾನಾಗೇ ಬೆಳೆಯುತ್ತೆ' ಎನ್ನುತ್ತಿದ್ದರು.

ಆ ಬೆಳಿಗ್ಗೆ ಕಮಾದೊ ಮೂವತ್ತೊಂಬತ್ತು ಬುಡ ತಟ್ಟಿದಳು. ನಲವತ್ತನೆಯದು ಹಿತ್ತಲ ಕಲ್ಲುಗೋಡೆಗೆ ಒತ್ತಿಕೊಂಡಿದ್ದ ಹಳೆಯ ಬುಡ. ಅದರ ಬಾಳೆಗಳಿಗೆ ಒಣಗಿದ ಪಟ್ಟೆಗಳು ಲಂಗದ ಹಾಗೆ ನೆಲದವರೆಗೂ ಇಳಿಬಿದ್ದಿದ್ದವು. ಗಳು ತಾಗಿದ ಕಡೆ ಏನೋ ಬೆಳ್ಳಗೆ ಅಲುಗಿತು. ಅವಳು ಅಲ್ಲೇ ನಿಂತಳು. ಎಣಿಸಿದಂತೆ ಮೂರು ಉಸಿರು ಬಿಟ್ಟು, ಗಳುವಿನ ತುದಿಯಿಂದ ಅದನ್ನು ಎಳೆದಳು.

ಪೊರೆ. ಅವಳ ಎರಡು ತೋಳಿಗಿಂತ ಉದ್ದ. ಕಣ್ಣಿನ ಜಾಗದ ಎರಡು ಗುಂಡನೆಯ ಬಿಲ್ಲೆಗಳೂ ಹಾಗೇ ಇದ್ದವು. ಮುಟ್ಟಿ ನೋಡಿದರೆ ಇನ್ನೂ ಹಸಿ.

ನಿನ್ನೆ ಬೆಳಿಗ್ಗೆ ಇಲ್ಲಿ ಇದು ಇರಲಿಲ್ಲ. ಅದನ್ನು ಕಳಚಿದ ಹಬು, ಆ ವಿಷದ ಹಾವು, ಇಲ್ಲೇ ಎಲ್ಲೋ ಇತ್ತು, ಹೊಸ ಮೈಯಲ್ಲಿ, ಹಸಿದು.

ಹಬು ಎಂಬ ಹೆಸರನ್ನು ಈ ಊರಿನವರು ಬಾಯಿಬಿಟ್ಟು ಹೇಳುವುದಿಲ್ಲ. 'ಉದ್ದನೆಯದು' ಎನ್ನುತ್ತಾರೆ. ಎರಡು ವರ್ಷಗಳ ಹಿಂದಿನ ಚಳಿಗಾಲದಲ್ಲಿ, ಪಟ್ಟೆ ಸುಲಿಯಲು ಬಗ್ಗಿದಾಗ, ಆ ಉದ್ದನೆಯದು ಕಮಾದೊಳ ಬಲಗೈಗೆ ಕಚ್ಚಿತ್ತು. ಮೈದುನ ಜೆಂಕಿಚಿ ಕ್ಷೌರದ ಕತ್ತಿಯಿಂದ ಸೀಳಿ, ಬಾಯಿ ಹಚ್ಚಿ ಹೀರಿ ಉಗುಳಿ, ಬೆನ್ನ ಮೇಲೆ ಹೊತ್ತು ಎರಡು ಊರು ಓಡಿದ್ದ. ತೋಳು ಬಾಳೆದಿಂಡಿನ ಗಾತ್ರ ಊದಿ ಕಪ್ಪಾಗಿತ್ತು. ಬದುಕಿದಳು. ತೋರುಬೆರಳು, ನಡುಬೆರಳು ಎರಡೂ ಮಡಚುವುದನ್ನು ಬಿಟ್ಟವು. ಬೆರಳು ಎರಡು ಕಡಿಮೆಯಾದವು, ಕೆಲಸ ಒಂದೂ ಕಡಿಮೆಯಾಗಲಿಲ್ಲ.

ಅವಳು ಹಾಸಿಗೆಯಿಂದ ಎದ್ದ ದಿನವೇ ಜೆಂಕಿಚಿ ಹೇಳಿದ್ದ, "ಇನ್ನೊಂದು ಸಲ ಆ ತೋಟದಲ್ಲಿ ಉದ್ದನೆಯದರ ಸುಳಿವು ಸಿಕ್ಕಿದ್ರೆ ಸೀಮೆಎಣ್ಣೆ ಸುರಿದು ಬೆಂಕಿ ಇಡ್ತೀನಿ ಅತ್ತಿಗೆ. ಅನಾನಸ್ ಹಾಕ್ತೀನಿ. ಹೇಳಿದ್ದೀನಿ." ಅಣ್ಣ ಯುದ್ಧದಲ್ಲಿ ಸತ್ತ ಮೇಲೆ ಮನೆಯ ಯಜಮಾನ ಅವನೇ. ಅವನು ಕೆಟ್ಟವನಲ್ಲ. ಆಡಿದ ಮಾತು ನಡೆಸುವವನು, ಅದೇ ಹೆದರಿಕೆ.

ಕಮಾದೊ ಪೊರೆಯನ್ನು ಮಡಚಿ ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿಕೊಂಡಳು. ತೂಕವೇ ಇಲ್ಲ. ಆದರೂ ಮನೆಯವರೆಗಿನ ಹದಿನೈದು ಹೆಜ್ಜೆಯಲ್ಲಿ ಅದು ಹೊಟ್ಟೆಯ ಮೇಲೆ ಎರಡು ಸಲ ಹರಿದಂತಾಯಿತು.

ಅತ್ತೆ ಉಶಿ ಜಗಲಿಯಲ್ಲಿ ಕೂತು ಮುಖವನ್ನು ಸಮುದ್ರದ ಕಡೆ ತಿರುಗಿಸಿದ್ದಳು. ಎಪ್ಪತ್ತನಾಲ್ಕರ ಮುದುಕಿ. ಕಣ್ಣಿಗೆ ಪೊರೆ ಬಂದು ಬೆಳಕು ನೆರಳಷ್ಟೇ ಕಾಣುತ್ತಿತ್ತು. ಕಿವಿ ಮಾತ್ರ ಮನೆಯ ಇಲಿಗಳನ್ನೂ ಹೆಸರಿಟ್ಟು ಕರೆಯುವಷ್ಟು ಚುರುಕು.

"ಅಲೆ ಉಸಿರು ಕಟ್ಟಿ ಹೊಡೀತಿದೆ ಕೇಳಿದ್ಯಾ?" ಎಂದಳು. "ದೊಡ್ಡ ಗಾಳಿ ಬರತ್ತೆ. ಸಂಜೆಯೊಳಗೆ."

"ಆಕಾಶಾನೂ ಕೆಂಪಗಿದೆ ಅತ್ತೆ."

"ಎಲೆ ಎಲ್ಲ ಇವತ್ತೇ ಇಳಿಸ್ಬೇಕು. ಒಂದೂ ಉಳಿಯಬಾರದು."

ಅದನ್ನು ಹೇಳಬೇಕಾಗಿರಲಿಲ್ಲ. ತೂಫಾನಿನ ಮುಂದೆ ಬಾಳೆಎಲೆ ಎಂದರೆ ದೋಣಿಯ ಹಾಯಿ. ಗಾಳಿ ಹಿಡಿದು ಗಿಡವನ್ನೇ ಬುಡಮೇಲು ಮಾಡುತ್ತದೆ. ಬೀಳದೆ ಉಳಿದ ಗಿಡಕ್ಕೆ ಪಕ್ಕದ ಎಲೆಗಳು ಚಾಟಿಯಂತೆ ಬಾರಿಸಿ, ಪಟ್ಟೆಯೊಳಗೆ ನಾರು ಕಂದಿ ಹೋಗುತ್ತದೆ. ಮೂರು ವರ್ಷ ಒಂದೇ ದಿನಕ್ಕೆ ಮಣ್ಣು.

"ನಿನ್ನ ಎರಡು ಸೆಟೆದ ಬೆರಳಿಟ್ಕೊಂಡು ನಲವತ್ತು ಬುಡ ಯಾವಾಗ ಮುಗಿಸ್ತೀಯ?" ಉಶಿ ಮುಂದುವರಿಸಿದಳು. "ಫುಮಿಗೆ ಹನ್ನೆರಡಾಯ್ತು. ಇವತ್ತು ಅವಳ ಕೈಗೆ ಕತ್ತಿ ಕೊಡೋಣ."

ಕಮಾದೊಳ ಕೈ ತಾನಾಗಿ ಸೊಂಟಕ್ಕೆ ಹೋಯಿತು.

ಈ ಮನೆಯ ಹೆಂಗಸರಲ್ಲಿ ಒಂದು ಪದ್ಧತಿ. ಹುಡುಗಿಯೋ ಸೊಸೆಯೋ, ತೋಟಕ್ಕೆ ಹೊಸದಾಗಿ ಕತ್ತಿ ಹಿಡಿದು ಬಂದವಳು ಮೊದಲ ಏಟು ಹಾಕುವುದು ಹಳೆಯ ಬುಡದಲ್ಲಿ. ಎಡಗೈಯಿಂದ ಬಾಳೆಯನ್ನು ತಬ್ಬಿ, ಹಣೆ ತಾಗಿಸಿ, ಆಮೇಲೆ ಎಲೆ ಕಡಿಯಬೇಕು. ಉಶಿ ಮದುವೆಯಾಗಿ ಬಂದಾಗ ಅವಳ ಅತ್ತೆ ಹಾಗೆ ಮಾಡಿಸಿದ್ದಳು. ಕಮಾದೊ ಬಂದಾಗ ಉಶಿ ಮಾಡಿಸಿದ್ದಳು. ಆ ಒಣಪಟ್ಟೆಯ ಲಂಗದೊಳಗೆ ಎಡಗೈಯನ್ನು ಮೊಣಕೈವರೆಗೆ ಹಾಕದೆ ಬಾಳೆಯನ್ನು ತಬ್ಬಲು ಆಗುವುದೇ ಇಲ್ಲ.

"ಅಮ್ಮ! ಗಾಳಿ ಬರತ್ತೆ ಅಂತ ಶಾಲೆಗೆ ರಜ ಕೊಟ್ರು!" ಹೊತ್ತೇರುವಷ್ಟರಲ್ಲೇ ಶಾಲೆಯಿಂದ ಮರಳಿದ ಫುಮಿ ಅಂಗಳದಿಂದಲೇ ಕೂಗುತ್ತ ಬಂದಳು. "ಮೇಷ್ಟ್ರು ಇವತ್ತೂ ಕೇಳಿದ್ರು, ನಿಮ್ಮಮ್ಮನಿಗೆ ಕಮಾದೊ, ಒಲೆ ಅಂತ ಯಾರು ಹೆಸರಿಟ್ರು ಅಂತ. ಎಲ್ಲರೂ ನಕ್ರು."

"ನಿಮ್ಮಜ್ಜಿ ಹೆಸರು ಉಶಿ, ಅಂದ್ರೆ ಹಸು ಅಂತ ನೀನು ಹೇಳಿಲ್ವಾ?" ಎಂದಳು ಉಶಿ. "ಒಲೆ, ಮಡಕೆ, ಹಸು. ನಮ್ಮ ಕಾಲದಲ್ಲಿ ಹೆಣ್ಣು ಹುಟ್ಟಿದ್ರೆ ಮನೇಲಿ ಯಾವ ಸಾಮಾನು ಕಡಿಮೆಯಿದೆ ನೋಡಿ ಹೆಸರಿಡ್ತಿದ್ರು. ಬಾ ಇಲ್ಲಿ, ಕೈ ತೋರಿಸು."

ಮುದುಕಿ ಮೊಮ್ಮಗಳ ಎರಡೂ ಅಂಗೈಗಳನ್ನು ಹಿಡಿದು ಒಂದೊಂದು ಬೆರಳನ್ನೂ ಮಡಚಿ ಬಿಡಿಸಿ ನೋಡಿದಳು. ಹತ್ತೂ ಮಡಚಿದವು. "ಒಳ್ಳೆ ಕೈ. ಇವತ್ತು ನೀನು ಹಳೇ ಬುಡಕ್ಕೆ ಕತ್ತಿ ಹಾಕ್ತೀಯ ಕಣೇ."

ಫುಮಿಯ ಮುಖ ಅರಳಿತು. ಅದನ್ನು ನೋಡಲಾರದೆ ಕಮಾದೊ ಒಳಗೆ ಹೋದಳು.

ಅಡುಗೆಮನೆಯಲ್ಲಿ ಪೊರೆಯನ್ನು ಹೊರತೆಗೆದಳು. ಒಲೆಗೆ ಹಾಕಿಬಿಡೋಣ ಎನಿಸಿತು. ಆಗುವುದಿಲ್ಲ. ಮೂರು ಕಲ್ಲಿನಲ್ಲಿ ಕೂತ ದೇವತೆಗೆ ದಿನವೂ ಮನೆಯ ಸುದ್ದಿ ಒಪ್ಪಿಸುವವಳು ಅವಳೇ; ಆ ಬೆಂಕಿಗೆ ಇಂಥದ್ದನ್ನು ಹಾಕಿದರೆ ಏನಾಗುತ್ತದೋ. ಮೇಲಾಗಿ ಆ ಕಮಟು ವಾಸನೆ ಉಶಿಯ ಮೂಗಿಗೆ ಹೊಡೆಯದೆ ಇರದು. ಬೂದಿಬುಟ್ಟಿಯಲ್ಲಿ ಗುಳಿ ಮಾಡಿ ಪೊರೆಯನ್ನು ಹೂತಳು. ಆಮೇಲೆ ಮೇಲಿನ ಬೂದಿಯನ್ನು ಅಂಗೈಯಿಂದ ಸವರಿ ಸಮ ಮಾಡಿದಳು.

ಜೆಂಕಿಚಿ ಏಣಿ, ಹಗ್ಗ ತಂದು ಸೂರಿನ ಮೇಲೆ ಹತ್ತಿದ. ಜತೆಗೆ ಸೀಮೆಎಣ್ಣೆಯ ಡಬ್ಬಿಯನ್ನೂ ತಂದು ಜಗಲಿಯ ಮೂಲೆಯಲ್ಲಿ ಇಟ್ಟಿದ್ದ, ಗಾಳಿಮಳೆಗೆ ನೆನೆಯದಿರಲಿ ಎಂದು. ಕಮಾದೊಳ ಕಣ್ಣು ಅದರ ಮೇಲಿಂದ ಸರಿಯಲಿಲ್ಲ.

"ಅತ್ತಿಗೆ, ಎಲೆ ಇಳಿಸಿ ಯಾಕೆ ಸಾಯ್ತೀರ?" ಅವನು ಮೇಲಿಂದ ಕೂಗಿದ. "ಗಾಳಿ ಕಿತ್ಕೊಂಡು ಹೋದ್ರೆ ಹೋಗ್ಲಿ. ಮುಂದಿನ ತಿಂಗಳು ಅನಾನಸ್ ಸಸಿ ಬರತ್ತೆ. ಅನಾನಸ್ ಮುಳ್ಳು ಚುಚ್ಚತ್ತೆ ಅಷ್ಟೆ, ಸಾಯಿಸಲ್ಲ."

"ನೀನು ಹುಟ್ಟಿದಾಗ ನಿನ್ನ ಸುತ್ತಿದ್ದು ಬಾಳೆನಾರಿನ ಬಟ್ಟೇಲಿ," ಉಶಿ ಕೆಳಗಿಂದಲೇ ಕೂಗಿದಳು. "ಅನಾನಸ್ ಸಿಪ್ಪೇಲಿ ಸುತ್ತಿದ್ರೆ ಬುದ್ಧಿ ಬರ್ತಿತ್ತೇನೋ!"

ಅವನು ನಕ್ಕ. ಕಮಾದೊ ಆ ನಗುವಿನ ಎಡೆಯಲ್ಲಿ ಅತ್ತೆಯ ಪಕ್ಕ ಕೂತು, ದನಿ ತಗ್ಗಿಸಿ ಕೇಳಿದಳು, "ಅತ್ತೆ, ಹಳೇ ಬುಡದ ಒಣಪಟ್ಟೆ ತೆಗೆದುಬಿಡೋಣ್ವಾ? ಎಲ್ಲ ಬುಡದ್ದೂ ತೆಗ್ದಿದೀವಿ. ಅದೊಂದೇ ಹಾಗಿದೆ."

ನಾರಿನ ಎಳೆಗಳಿಗೆ ಗಂಟು ಹಾಕುತ್ತಿದ್ದ ಉಶಿಯ ಬೆರಳು ನಿಂತವು. "ಎಷ್ಟು ಸಲ ಹೇಳ್ಬೇಕು? ಒಣಪಟ್ಟೆ ಹೊದಿಕೆ. ಅದಿದ್ರೆ ಒಳಗಿನ ನಾರು ರೇಷ್ಮೆ ಆಗತ್ತೆ, ಚಳಿಗಾಳಿಗೆ ಬಿರುಸಾಗಲ್ಲ. ಅದು ನನ್ನ ಕೊನೇ ಬಟ್ಟೆಗಿಟ್ಟ ಬುಡ. ನಮ್ಮತ್ತೆ ಅದೇ ಬುಡದ ಬಟ್ಟೆ ಉಟ್ಕೊಂಡು ಹೋದ್ಲು. ನಾನು ಬೇರೆ ಏನೋ ಸುತ್ಕೊಂಡು ಹೋದ್ರೆ ಆಚೆ ಕಡೆ ಅವಳು ನನ್ನ ಗುರುತು ಹಿಡಿಯಲ್ಲ." ಮುದುಕಿ ತಲೆ ಓರೆ ಮಾಡಿದಳು. ಮೊದಲಿನಷ್ಟೇ ತಣ್ಣಗಿನ ದನಿಯಲ್ಲಿ ಕೇಳಿದಳು, "ಯಾಕೆ? ಉದ್ದನೆಯದು ಕಂಡ್ತಾ?"

ಮೇಲೆ ಹಗ್ಗ ಬಿಗಿಯುವ ಸದ್ದು ನಿಂತಿತು.

ಹೂಂ ಎಂದರೆ ಸಂಜೆಯೊಳಗೆ ತೋಟ ಬೂದಿ. ಇಲ್ಲ ಎಂದರೆ ಮಧ್ಯಾಹ್ನ ಫುಮಿಯ ಎಡಗೈ ಆ ಲಂಗದೊಳಗೆ.

"ಇಲ್ಲ," ಎಂದಳು ಕಮಾದೊ.

ಹಗ್ಗ ಮತ್ತೆ ಕಿರುಗುಟ್ಟಿತು. ಅಷ್ಟರಲ್ಲಿ ಉಶಿ ಒಳಗೆ ಕೇಳುವಂತೆ, "ಫುಮೀ, ಬೂದಿಬುಟ್ಟಿ ತಗೊಂಡ್ ಬಾ. ಗಾಳಿಮಳೆ ಬೀಸಿದ ಮೇಲೆ ನೆಂದುಹೋಗತ್ತೆ, ಮಡಕೆಗೆ ತುಂಬಿಡೋಣ," ಎಂದಳು.

ಕಮಾದೊ ಎದ್ದು ಓಡಿದಳು. ಅಡುಗೆಮನೆಯಲ್ಲಿ ಫುಮಿಯ ಕೈ ಆಗಲೇ ಮಣಿಕಟ್ಟಿನವರೆಗೆ ಬೂದಿಯೊಳಗಿತ್ತು. ಕಮಾದೊ ಆ ಕೈಗೆ ಬಾರಿಸಿದಳು. ಬೂದಿ ಮೋಡದಂತೆ ಎದ್ದಿತು. ಹನ್ನೆರಡು ವರ್ಷದಲ್ಲಿ ಅವಳು ಮಗಳ ಮೇಲೆ ಕೈ ಮಾಡಿದ್ದು ಅದೇ ಮೊದಲು.

"ನಾನೇನ್ ಮಾಡ್ದೆ?" ಹುಡುಗಿಯ ದನಿ ಒಡೆಯಿತು.

"ನೋಡದೆ ಎಲ್ಲೂ ಕೈ ಹಾಕ್ಬೇಡ!" ಕಮಾದೊ ಹೇಳಿದಳು. ಅವಳ ದನಿಯೂ ಒಡೆದಿತ್ತು. "ಎಲ್ಲೂ! ತಿಳೀತಾ?"

ಮಗಳು ಕೈ ತಿಕ್ಕಿಕೊಳ್ಳುತ್ತ ಹಿಂದೆ ಸರಿದಳು. ಅಮ್ಮನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದಳು.

ನೆರೆಮನೆಯ ಮಕತೊ ಆಗ ಬಾಗಿಲಲ್ಲಿ ಇಣುಕಿದಳು. ಮುಂದಿನ ಎರಡು ಹಲ್ಲಿನಲ್ಲೇ ದಾರ ಕಡಿದು ಕಡಿದು ಅವುಗಳ ನಡುವೆ ಒಂದು ಸಂದಿ ಮಾಡಿಕೊಂಡಿದ್ದವಳು. "ಏನಿದು, ಅಮ್ಮ ಮಗಳು ಬೂದಿ ಎರಚಾಡ್ತಿದ್ದೀರಾ? ನಿಮ್ಮ ಮನೇಲಿ ಇನ್ನೂ ಬೂದಿಗೆ ಕೆಲಸ ಇದೆ. ನನ್ನ ಮನೇಲಿ ಬೂದಿಗೂ ಕೆಲಸ ಇಲ್ಲ, ನನಗೂ ಇಲ್ಲ."

"ನಿನಗೆ ಕೆಲಸ ಇಲ್ವೇ?"

"ಇದೆಯಲ್ಲ, ಮಗನ ಅನಾನಸ್‌ಗೆ ಕಳೆ ಕೀಳೋದು. ನನ್ನ ಇಪ್ಪತ್ತು ಬುಡ ಕಿತ್ತು ಹಾಕುವಾಗ ಹೇಳಿದ, ಅಮ್ಮ ನೀನು ಇನ್ನು ಸುಮ್ನೆ ಕೂತ್ಕೋ ಅಂತ. ಕೂರಿಸಿದ್ದೂ ನಿಜ, ಕಳೆಯ ಮುಂದೆ. ಮೊದಲು ನೇಯ್ದಿದ್ದು ನನ್ನದು ಅಂತಾದ್ರೂ ಅಂತಿದ್ರು. ಯಾರ ಮಗಳ ಮದುವೇಲೂ 'ಇದು ಮಕತೊ ನೇಯ್ದದ್ದು' ಅಂತ ಮುಟ್ಟಿ ನೋಡೋರು. ಅನಾನಸ್ ನೋಡಿ 'ಇದು ಮಕತೊ ಕಳೆ ಕಿತ್ತದ್ದು' ಅಂತ ಯಾರಂತಾರೆ?" ಅವಳು ನಕ್ಕಳು, ಹಲ್ಲಿನ ಸಂದಿ ಕಂಡಿತು. "ಇರ್ಲಿ. ಮಗ ಹೊಲಕ್ಕೆ ಹೋಗಿದಾನೆ, ಸೂರಿಗೆ ಹಗ್ಗ ಹಾಕೋವಾಗ ಕೆಳಗೆ ಹಿಡಿಯೋಕೆ ಒಬ್ಬರು ಬೇಕಿತ್ತು."

"ಫುಮೀನ ಕರ್ಕೊಂಡು ಹೋಗು," ಕಮಾದೊ ಥಟ್ಟನೆ ಹೇಳಿದಳು.

"ಮೊದಲು ಕತ್ತಿ," ಜಗಲಿಯಿಂದ ಉಶಿಯ ದನಿ ಬಂತು.

"ಮಕತೊ ಒಬ್ಬಳೇ ಇದ್ದಾಳೆ ಅತ್ತೆ. ಸೂರು ಹಾರಿಹೋದ್ರೆ? ಅಷ್ಟರಲ್ಲಿ ನಾನು ಈ ತುದಿಯಿಂದ ಶುರು ಮಾಡಿರ್ತೀನಿ. ಹಳೇ ಬುಡ ಹೇಗೂ ಆ ತುದಿ."

ಉಶಿ ಒಂದು ಗಂಟು ಹಾಕಿ ಮುಗಿಸಿದಳು. "ಬೇಗ ವಾಪಸ್ ಬರ್ಬೇಕು. ಹಳೇ ಬುಡ ಅವಳಿಗೇ ಬಿಡು. ನೀನು ಮುಟ್ಬೇಡ."

ಫುಮಿ ಹೋದಳು. ಕಮಾದೊ ಬೂದಿಯನ್ನು ಪೊರೆಯ ಸಮೇತ ತಾನೇ ಮಡಕೆಗೆ ತುಂಬಿ ಮುಚ್ಚಿದಳು. ಸೂರು ಕಟ್ಟಿ ಮುಗಿಸಿದ ಜೆಂಕಿಚಿಯೂ ತನ್ನ ಮನೆಗೆ ಹೋದ. ಡಬ್ಬಿ ಮೂಲೆಯಲ್ಲೇ ಉಳಿಯಿತು.

ಸೆಟೆದ ಬೆರಳಲ್ಲಿ ಕತ್ತಿಯ ಹಿಡಿ ನಿಲ್ಲುವುದಿಲ್ಲ. ಕಮಾದೊ ಹೊರಗಿನ ಪಟ್ಟೆಯ ಒರಟು ನಾರನ್ನು ತಂದು, ಹಿಡಿಯನ್ನೂ ಅಂಗೈಯನ್ನೂ ಸೇರಿಸಿ ಸುತ್ತಿ, ತುದಿಯನ್ನು ಹಲ್ಲಿನಿಂದ ಎಳೆದು ಗಂಟು ಹಾಕಿದಳು. ಕತ್ತಿ ಈಗ ಬೀಳುವುದಿಲ್ಲ. ಓಡಬೇಕಾಗಿ ಬಂದರೂ ಬೀಳುವುದಿಲ್ಲ ಎನ್ನುವುದು ತೋಟಕ್ಕೆ ಕಾಲಿಟ್ಟ ಮೇಲೆ ಹೊಳೆಯಿತು.

ಒಂದನೆಯ ಬುಡ. ಗಳುವಿನಿಂದ ತಟ್ಟಿದಳು, ಕಾದಳು, ಎಲೆಗಳನ್ನು ಇಳಿಸಿದಳು. ಎರಡನೆಯದು. ಗಾಳಿ ಇನ್ನೂ ಎತ್ತರದಲ್ಲಿತ್ತು. ನೆಲದ ಮೇಲೆ ಸೆಕೆ, ಒಂದು ಕೀಟದ ಸದ್ದೂ ಇಲ್ಲ. ಬಿದ್ದ ಎಲೆಯ ಅಡಿಯಲ್ಲಿ ಏನಾದರೂ ಸರಿದರೆ ಕಾಣುವುದಿಲ್ಲವೆಂದು ಪ್ರತಿ ಎಲೆಯನ್ನೂ ಎಳೆದು ದಾರಿಯಿಂದ ಆಚೆ ಹಾಕಿದಳು. ಅದರಿಂದ ಕೆಲಸ ಎರಡು ಪಟ್ಟಾಯಿತು. ಹತ್ತನೆಯ ಬುಡದಲ್ಲಿ ತನ್ನ ಬೆವರೇ ಕತ್ತಿನ ಮೇಲೆ ಇಳಿದಾಗ ಕಿರುಚಿದಳು.

"ಏನದು?" ಮನೆಯಿಂದ ಉಶಿ.

"ಇರುವೆ, ಅತ್ತೆ."

ಇಪ್ಪತ್ತು. ಗಾಳಿ ಮರದ ತುದಿಗಳಿಗೆ ಇಳಿಯಿತು. ಮೂವತ್ತು. ಸುತ್ತಿದ ನಾರು ಅಂಗೈಯನ್ನು ಕೊಯ್ದು ಹಿಡಿ ಜಾರುಜಾರಾಯಿತು. ಕೈ ಅದರ ಪಾಡಿಗೆ ಕೆಲಸ ಮಾಡುತ್ತಿತ್ತು. ತಲೆ ಮಾತ್ರ ಬೇರೆ ಬೇರೆ ಬಾಗಿಲು ತಟ್ಟುತ್ತಿತ್ತು. ಫುಮಿಗೆ ಹೇಳಿಬಿಡಬಹುದು. ಆದರೆ ಹನ್ನೆರಡರ ಹುಡುಗಿ ಚಿಕ್ಕಪ್ಪನ ಮುಂದೆ ಎಷ್ಟು ಹೊತ್ತು ಬಾಯಿ ಕಟ್ಟಿಕೊಂಡಿರುತ್ತಾಳೆ? ಅವಳ ಕೈಗೆ ಕತ್ತಿಯೇ ಬೇಡ ಎನ್ನಬಹುದು. ಆಗ 'ಯಾಕೆ' ಎಂಬ ಪ್ರಶ್ನೆ ಬರುತ್ತದೆ, ಆ ಪ್ರಶ್ನೆಯ ತುದಿಯಲ್ಲಿ ಸೀಮೆಎಣ್ಣೆಯ ಡಬ್ಬಿ ಇದೆ. ಒಣಪಟ್ಟೆ ಮಾತ್ರ ಕಿತ್ತುಬಿಡಬಹುದು. ಕಿತ್ತರೆ ಚಳಿಗಾಲದೊಳಗೆ ಮತ್ತೆ ಒಣಗಿ ಇಳಿಬೀಳುತ್ತದೆ, ಅತ್ತೆ ಮತ್ತೆ 'ಇರ್ಲಿ' ಎನ್ನುತ್ತಾಳೆ, ಫುಮಿ ಎಲೆ ಸವರಲು ವರ್ಷಕ್ಕೆ ನಾಲ್ಕು ಸಲ ಅದನ್ನು ತಬ್ಬುತ್ತಾಳೆ. ಹದಿನಾಲ್ಕಕ್ಕೆ, ಇಪ್ಪತ್ತಕ್ಕೆ. ಆಮೇಲೆ ಫುಮಿಯ ಮಗಳು.

ನೂಲು ಮೃದುವಾಗಬೇಕಾದರೆ ಒಣಪಟ್ಟೆ ಇರಬೇಕು. ಅದು ಇರುವಲ್ಲಿ ಇನ್ನೊಂದೂ ಇರುತ್ತದೆ. ಇಷ್ಟು ವರ್ಷ ಈ ಮನೆಯ ಹೆಂಗಸರು ಎರಡನ್ನೂ ಒಟ್ಟಿಗೇ ಒಪ್ಪಿಕೊಂಡು ಬಂದಿದ್ದರು.

ಮೂವತ್ತೊಂಬತ್ತನೆಯ ಬುಡದ ಎಲೆ ಬಿದ್ದಾಗ ಎದುರಿಗೆ ಹಳೆಯ ಬುಡವೊಂದೇ ಎಲೆ ಹೊತ್ತು ನಿಂತಿತ್ತು. ಏಳು ಬಾಳೆ. ತೋಟದಲ್ಲೇ ನೇರವಾದವು, ಬುಡದಿಂದ ತುದಿಯವರೆಗೆ ಒಂದೇ ದಪ್ಪ. ಮುಂದಿನ ಚಳಿಗಾಲಕ್ಕೆ ಕಡಿಯಲು ಹದ. ಈಗ ಕಡಿದರೆ ಎಳೆ ನಾರು ಬೇಯಿಸುವ ನೀರಲ್ಲೇ ಕರಗಿಹೋಗುತ್ತದೆ. ಗಾಳಿಗೆ ಒಣಪಟ್ಟೆಗಳು ಒಂದಕ್ಕೊಂದು ಉಜ್ಜಿ ಪಿಸುಗುಟ್ಟಿದವು. ಗಾಳಿ ನಿಂತಿತು. ಎಲ್ಲ ಪಟ್ಟೆಗಳೂ ಸುಮ್ಮನಾದವು.

ಒಂದು ಮಾತ್ರ ಆಗಲಿಲ್ಲ.

ಗೋಡೆಯ ಕಡೆಯ ಎರಡನೆಯ ಬಾಳೆಯಲ್ಲಿ, ಅವಳ ಮೊಣಕಾಲಿನ ಎತ್ತರದಲ್ಲಿ, ಒಣಪಟ್ಟೆಯೊಂದು ಒಳಗಿನಿಂದ ನಿಧಾನಕ್ಕೆ ಉಬ್ಬಿತು. ಮತ್ತೆ ಕೆಳಗೆ ಕುಸಿಯಿತು. ಸಂದಿಯಲ್ಲಿ ಹಳದಿ, ಕಪ್ಪು ಒಂದು ಬೆರಳಗಲ ಹೊಳೆದು ಮರೆಯಾಯಿತು. ಹೊಚ್ಚಹೊಸ ಬಣ್ಣ.

ಕಮಾದೊಳ ಬಲಗೈಯ ಸತ್ತ ಬೆರಳುಗಳು ಉರಿದವು. ಎರಡು ವರ್ಷದಿಂದ ಅವುಗಳಲ್ಲಿ ಏನೂ ಇರಲಿಲ್ಲ.

ಆ ಕಡೆ ಮಕತೊಳ ಅಂಗಳದಲ್ಲಿ ಫುಮಿಯ ನಗು ಕೇಳಿಸಿತು. "ಆಯ್ತಾ ದೊಡ್ಡಮ್ಮ? ಬಿಡ್ಲಾ? ನಾನು ಹೋಗ್ಬೇಕು, ಇವತ್ತು ನನಗೆ ಕತ್ತಿ ಕೊಡ್ತಾರೆ!"

ಇನ್ನು ಅವಳು ಬರಲು ಬೇಲಿ ದಾಟುವಷ್ಟು ಹೊತ್ತು.

ಕಮಾದೊ ಜಗಲಿಯ ಕಡೆ ನೋಡಿದಳು. ಉಶಿ ಅಲ್ಲೇ ಕೂತಿದ್ದಳು. ಮೊಣಕಾಲ ಮೇಲೆ ನಾರಿನ ಬಟ್ಟಲು, ಗಾಳಿಗೆ ಹಾರದಂತೆ ಅದರ ಮೇಲೆ ಅಡ್ಡ ಹಿಡಿದ ಅಂಗೈ. ಐವತ್ತು ವರ್ಷ ಈ ಮನೆಯವರಿಗೆಲ್ಲ ಉಡಿಸಿದವಳು ತನಗೆಂದು ಕೇಳಿದ್ದು ಒಂದೇ ಬುಡ. ಕಮಾದೊಗೆ ಅದು ಗೊತ್ತಿತ್ತು. ಆಚೆಯ ಲೋಕದಲ್ಲಿ ಒಬ್ಬ ಅತ್ತೆ ತನ್ನ ಸೊಸೆಯ ಬಟ್ಟೆ ಮುಟ್ಟಿ ನೋಡಿ, ಗುರುತು ಸಿಗದೆ, ಮುಖ ತಿರುಗಿಸಿ ಹೋಗುವುದು ಅವಳ ಕಣ್ಣಿಗೆ ಕಟ್ಟಿತು. ಅದೂ ಹೆದರಿಕೆಯೇ. ಸಣ್ಣದೇನಲ್ಲ.

ಅವಳು ಗೋಡೆಗೆ ಎದುರು ಬದಿಯಲ್ಲಿ ನಿಂತಳು, ಉದ್ದನೆಯದಕ್ಕೆ ಗೋಡೆಯಾಚೆಯ ಗುಡ್ಡದ ಕಡೆ ಓಡಲು ದಾರಿ ಬಿಟ್ಟು. ಗಳುವನ್ನು ಎಡಗೈಯಲ್ಲಿ ಹಿಡಿದು ಹತ್ತಿರದ ಬಾಳೆಗೆ ಆನಿಸಿದಳು. ಬಲಗೈ ಎತ್ತಿದಳು, ಎಲೆಯ ಎತ್ತರಕ್ಕಲ್ಲ, ಸೊಂಟದ ಎತ್ತರಕ್ಕೆ.

ಕತ್ತಿ ಹಸಿದಿಂಡಿನೊಳಗೆ ತೇವದ ಸದ್ದು ಮಾಡಿ ಇಳಿಯಿತು.

ಜಗಲಿಯಲ್ಲಿ ಉಶಿಯ ತಲೆ ಥಟ್ಟನೆ ಎದ್ದಿತು. "ಅದು ಎಲೆ ಕಡಿಯೋ ಸದ್ದಲ್ಲ!" ಮುದುಕಿ ಗಾಳಿಯ ಮೇಲೆ ಕೂಗಿದಳು. "ಕಮಾದೊ! ಯಾವ ಬುಡ ಅದು?"

ಬಾಳೆ ವಾಲಿತು. ಒಣಪಟ್ಟೆಗಳು ಒಟ್ಟಿಗೇ ಗದಗುಟ್ಟಿದವು. ಇರುವೆ ಎನ್ನಬಹುದಿತ್ತು. ಗಾಳಿ ಬೀಳಿಸಿತು ಎನ್ನಬಹುದಿತ್ತು. ಸಂಜೆಯ ಹೊತ್ತಿಗೆ ಗಾಳಿ ಏನೇನನ್ನು ಬೀಳಿಸಿತೆಂದು ಯಾರೂ ಲೆಕ್ಕ ಕೇಳುವುದಿಲ್ಲ.

"ನಿಮ್ಮ ಬುಡ, ಅತ್ತೆ," ಎಂದು ಕೂಗಿ ಹೇಳಿ, ಕಮಾದೊ ಎರಡನೆಯ ಏಟಿಗೆ ಕೈ ಎತ್ತಿದಳು.